ಬೈರಮ್ಮನ ಮಗ್ಗುಲು

ವೇಮಗಲ್ ದಾಟಿದ ಮೇಲೆ ಸಿಗುವ ಆ ವೃದ್ಧರ ಆರೈಕೆ ಕೇಂದ್ರದಲ್ಲಿ ಕಹಕಶಾ ಸಿಸ್ಟರ್‌ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಇದು ಬೇರೆಯವರು ಹೇಳಿದ ಮಾತಲ್ಲ, ಅವಳೇ ಅಂದುಕೊಂಡಿದ್ದು. ಮಲಗಿದಲ್ಲೇ ಇರುವವರಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದು ಹೇಗೆಂದು ಹೊಸ ಆಯಾಗಳಿಗೆ ಪಾಠ ಮಾಡುವವಳೂ ಅವಳೇ. ಅಂಥವಳ ವಾರ್ಡಿನಲ್ಲೇ ತಾಯಲೂರಿನ ಬೈರಮ್ಮನಿಗೆ ಎಡಸೊಂಟದ ಮೇಲೆ ಹುಣ್ಣಾಯಿತು.

ಡಾಕ್ಟರು ನೋಡಿ, ಸೋಮವಾರದೊಳಗೆ ಇಳಿಮುಖವಾಗದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸೋಣ ಎಂದರು. ಬೈರಮ್ಮ ಕಹಕಶಾಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಕಳಿಸ್ಬೇಡ ಸಿಸ್ಟರಮ್ಮ. ಶಾಮಲಮ್ಮನ್ನ ಹಂಗೇ ಅಲ್ವಾ ಕಳಿಸಿದ್ರಿ? ಬಂದ್ಳಾ?"

ಶಾಮಲಮ್ಮ ಬಂದಿರಲಿಲ್ಲ. ಇಂಥ ಹೊತ್ತಿನಲ್ಲಿ ಕಹಕಶಾ ಮಾಡುತ್ತಿದ್ದದ್ದು ಒಂದೇ, ಭಾಷಣ.

"ನೋಡಜ್ಜಿ, ಬಲಮಗ್ಗುಲಲ್ಲೇ ಇದ್ರೆ ವಾಸಿಯಾಗುತ್ತೆ. ಅಷ್ಟೂ ಮಾಡಕ್ಕಾಗಲ್ವಾ?"

ಅವಳು ಬಲಮಗ್ಗುಲಿಗೆ ತಿರುಗಿಸಿ ದಿಂಬು ಕೊಟ್ಟು ಹೋಗುವಳು. ತಿರುಗಿ ಬಂದು ನೋಡಿದರೆ ಅಜ್ಜಿ ಎಡಕ್ಕೆ ಹೊರಳಿ, ಹುಣ್ಣಿನ ಮೇಲೇ ಮಲಗಿರುವಳು. ಮತ್ತೆ ವಾಪಸ್ ಹೊರಳಲು ಆಕೆಗೆ ತ್ರಾಣವಿರಲಿಲ್ಲ. ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಕಹಕಶಾ ಚಾರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: "ಹುಣ್ಣಿಗೆ ಕಾರಣ, ರೋಗಿಯ ಹಠ." ಬರೆದ ಮೇಲೆ ಅವಳಿಗೆ ಎಷ್ಟೋ ಹಗುರವಾಯಿತು.

ಶನಿವಾರ ಮಧ್ಯಾಹ್ನ, ಕಳ್ಳನನ್ನು ಹಿಡಿಯುವವಳಂತೆ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಳು. ಬೈರಮ್ಮ ಬಲಮಗ್ಗುಲಲ್ಲಿ, ಎದುರು ಮಂಚದ ಮುನ್ನೀ ಬೀ ಕಡೆ ಮುಖ ಮಾಡಿ ಮಲಗಿದ್ದಳು. ಆಜಾನ್ ಕೇಳಿಸಿತು. ಮಂಡಿ ಬಾಗದ ಮುನ್ನೀ ಬೀ ಮಂಚದ ಅಂಚಿನಲ್ಲೇ ಪಶ್ಚಿಮಕ್ಕೆ ಮುಖವಾಗಿ ಕೂತು ನಮಾಜಿಗೆ ಸೆರಗು ಸರಿಮಾಡಿಕೊಂಡಳು. ತಕ್ಷಣ ಬೈರಮ್ಮ ಮಂಚದ ಕಂಬಿ ಹಿಡಿದು, ನರಳುತ್ತಾ, ಎಡಕ್ಕೆ ಹೊರಳಿದಳು.

"ಅಜ್ಜೀ! ಸಿಕ್ಕಿಬಿದ್ರಿ!"

"ಮೆಲ್ಲಗೆ ಮಾತಾಡೇ," ಎಂದು ಬೈರಮ್ಮ ಗದರಿದಳು. "ಆಯಮ್ಮ ದೇವ್ರಿಗೆ ಅಂತ ಬಗ್ಗೋದು. ನಾನು ಎದುರಿಗೇ ಮುಖ ಕೊಟ್ಕೊಂಡು ಬಿದ್ದಿದ್ರೆ ನಂಗೇ ಬಗ್ಗಿದಂಗಾಗಲ್ವಾ? ನಾನೇನ್ ದೇವ್ರಾ? ದಿನಕ್ಕೆ ಐದು ಸತಿ ಪಾಪ ಕಟ್ಕೊಳ್ಳಲಾ?"

ಕಹಕಶಾ ಎರಡೂ ಮಂಚಗಳನ್ನು ನೋಡಿದಳು. ಮೂರು ವಾರದ ಹಿಂದೆ ಮೊಬೈಲು ಹಿಡಿದು ದಿಕ್ಕು ನೋಡಿ, ಮುನ್ನೀ ಬೀ ಮಂಚವನ್ನು ಪಶ್ಚಿಮಕ್ಕೆ ತಿರುಗಿಸಿದವಳು ಯಾರು? ಎದುರಿಗೆ ನೇರವಾಗಿ ಬೈರಮ್ಮನ ಮಂಚ ಹಾಕಿಸಿ, ಎಷ್ಟು ಚೆನ್ನಾಗಿ ಹೊಂದಿಸಿದೆ ಎಂದು ಮೇಟ್ರನ್ ಹತ್ತಿರ ಭೇಷ್ ಅನ್ನಿಸಿಕೊಂಡವಳು ಯಾರು? ಹುಟ್ಟಿದಾಗಿನಿಂದ ನಮಾಜು ಮಾಡುವ ಮನೆಯ ಮಹಾ ಬುದ್ಧಿವಂತೆಗೆ, ಎದುರಿಗೆ ಮಲಗಿದವಳೊಬ್ಬಳಿಗೆ ಹೇಗನಿಸುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ನಮಾಜು ಮುಗಿಸಿದ ಮುನ್ನೀ ಬೀ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಮಾಜ್ ಕಂಡ್ರೆ ಆಗಲ್ಲ ಅಂತ ಬೆನ್ನು ತೋರಿಸ್ತಾಳೆ ಅಂದ್ಕೊಂಡಿದ್ದೆ ಬೇಟಾ. ಅದಕ್ಕೇ ಮಾತು ಬಿಟ್ಟಿದ್ದೆ."

"ಅಯ್ಯೋ ಬೀಬಮ್ಮ!" ಎಂದಳು ಬೈರಮ್ಮ.

ಕಹಕಶಾ ಆಯಾಳನ್ನು ಕರೆದು, ಬೈರಮ್ಮನ ಮಂಚವನ್ನು ಎಳೆಸಿ ಮುನ್ನೀ ಬೀ ಬಲಪಕ್ಕಕ್ಕೆ ಹಾಕಿಸಿದಳು. ಈಗ ಬಲಮಗ್ಗುಲಾದರೂ ಬೈರಮ್ಮ ನಮಾಜಿಗೆ ಎದುರಾಗುತ್ತಿರಲಿಲ್ಲ. ಸಂಜೆಯ ನಮಾಜಿನ ಕೊನೆಗೆ ಮುನ್ನೀ ಬೀ ವಾಡಿಕೆಯಂತೆ ಬಲಕ್ಕೆ ಮುಖ ತಿರುಗಿಸಿ ಸಲಾಂ ಹೇಳಿದಳು. ಅಲ್ಲಿ ಬೈರಮ್ಮ ಕೈ ಮುಗಿದುಕೊಂಡು ಕಾಯುತ್ತಿದ್ದಳು. ಭಾನುವಾರವೂ ಹಾಗೆಯೇ. ಆ ಸಲಾಮು ತಪ್ಪೀತೆಂದು ಅವಳು ಎಡಕ್ಕೆ ಒಮ್ಮೆಯೂ ಹೊರಳಲಿಲ್ಲ.

ಸೋಮವಾರ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ, ಕೆಂಪು ಇಳಿದಿದೆ, ಇಲ್ಲೇ ಇರಲಿ ಎಂದರು. ಆಮೇಲೆ ಚಾರ್ಟು ಎತ್ತಿಕೊಂಡರು. ಅದರಲ್ಲಿ "ರೋಗಿಯ" ಎಂಬುದನ್ನು ಹೊಡೆದುಹಾಕಿ, ಮೇಲೆ ಅದೇ ದಪ್ಪ ಅಕ್ಷರದಲ್ಲಿ "ಸಿಸ್ಟರ್‌ನ" ಎಂದು ಬರೆದಿತ್ತು.

"ಯಾರಮ್ಮಾ ಈ ಹಠಮಾರಿ ಸಿಸ್ಟರ್?"

ಬೈರಮ್ಮ ಕಹಕಶಾಳತ್ತ ಕೈ ತೋರಿಸಿ ಬಾಯಿ ಹಾಕಿದಳು.

"ಇವ್ಳೇ ಸ್ವಾಮಿ. ಈಗ ಪರವಾಗಿಲ್ಲ, ಹೇಳಿದ ಮಾತು ಕೇಳ್ತಾಳೆ. ಎಲ್ಲೂ ಕಳಿಸ್ಬೇಡಿ, ಇಲ್ಲೇ ಇರ್ಲಿ."