ದವಾಖಾನೆಯಲ್ಲಿ ಮಲ್ಲಕ್ಕ ಹೇಳದ ಮಾತು

ಮಲ್ಲಕ್ಕನ ಕೆಂದಾಕಳು ಏಳು ತಿಂಗಳಿಗೇ ಕಂದು ಹಾಕಿತು. ಬೆಳಗ್ಗೆ ಹಾಲು ಹಿಂಡಲು ಹೋದವಳಿಗೆ ಗೋದಲಿಯ ಪಕ್ಕ ಸತ್ತ ಕರು ಕಂಡಿತು. ಗಂಡ ತಿರಕಪ್ಪ ಆಕಳ ಒಳಗುಳಿದಿದ್ದ ಮಾಸನ್ನು ಬರಿಗೈಯಲ್ಲೇ ಎಳೆದು ತೆಗೆದ. ಕರುವನ್ನೂ ಮಾಸನ್ನೂ ತಿಪ್ಪೆಗೆ ಎಸೆದು ಬಂದ.

“ದನದ ಡಾಕ್ಟರಿಗೆ ಹೇಳೂಣೇನ್ರಿ?” ಎಂದಳು ಮಲ್ಲಕ್ಕ.

“ಸುಮ್ನಿರು ಬೇ. ಊರಿಗೆ ಗೊತ್ತಾದ್ರ ನಮ್ಮ ಚೀಸು ಯಾರು ಮುಟ್ತಾರ? ಒಮ್ಮೊಮ್ಮೆ ಹಿಂಗ ಆಗತೈತಿ.”

ಮಲ್ಲಕ್ಕ ಪಾತ್ರೆ ಎತ್ತಿಕೊಂಡು ಹಾಲು ಹಿಂಡಲು ಕೂತಳು.

ದುಮ್ಮವಾಡದಲ್ಲಿ ಚೀಸು ಮಾಡುವ ಮನೆ ಅವರದೊಂದೇ. ಮೂರು ಆಕಳು, ಒಂದು ಹೆಣ್ಣುಗರು. ಊರಿನ ಮಹಿಳಾ ಸಂಘದಿಂದ ತರಬೇತಿಗೆ ಹೋಗಿ ಬಂದ ಮಲ್ಲಕ್ಕ ಎರಡು ವರ್ಷದಿಂದ ಇದನ್ನೇ ಮಾಡುತ್ತಿದ್ದಳು. ಹಾಲು ಬೆಚ್ಚಗೆ ಮಾಡಿ, ರೆನೆಟ್ ಎಂಬ ಹೆಪ್ಪಿನ ಮದ್ದನ್ನು ನಾಲ್ಕು ಹನಿ ಹಾಕಿದರೆ ಮೊಸರಿನಂತೆ ಗಟ್ಟಿಯಾಗುತ್ತದೆ. ಅದನ್ನು ಚಾಕುವಿನಿಂದ ಕತ್ತರಿಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಕಲ್ಲು ಹೇರಿ, ಕೊನೆಗೆ ಉಪ್ಪುನೀರಿಗೆ ಬಿಡಬೇಕು. ಆದರೆ ಹನಿ ಹಾಕುವ ಮೊದಲು ಹಾಲನ್ನು ಅರವತ್ತಮೂರು ಡಿಗ್ರಿಯಲ್ಲಿ ಅರ್ಧ ತಾಸು ಕಾಸಿ ಆರಿಸಲೇಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಅಳತೆ ನೋಡಲು ಒಂದು ಥರ್ಮಾಮೀಟರನ್ನೂ ಕೊಟ್ಟಿದ್ದರು.

ಮೊದಲ ಆರು ತಿಂಗಳು ಮಲ್ಲಕ್ಕ ಹಾಗೆಯೇ ಮಾಡಿದಳು. ಆಮೇಲೆ ತಿರಕಪ್ಪ ಗೊಣಗಿದ. “ಅಷ್ಟೊತ್ತು ಕಾಸಿದ್ರ ಹಾಲಿನ ರುಚಿನ ಹೋಗತೈತಿ. ನಮ್ಮ ಆಕಳ, ನಮ್ಮ ಹಾಲು. ಏನಾಗತೈತಿ?” ಅವಳಿಗೂ ಒಲೆಯ ಮುಂದೆ ನಿಂತು ಸಾಕಾಗಿತ್ತು. ಕಾಸುವುದನ್ನು ಬಿಟ್ಟಳು. ಈಗ ಕಂದು ಹಾಕಿದ ಆಕಳ ಹಾಲನ್ನೂ ಅದೇ ಪಾತ್ರೆಗೆ ಸುರಿದಳು.

ಪಕ್ಕದ ಮನೆ ಮಲಿಕಾಬಿಯದು. ಎರಡೂ ಮನೆಗೆ ಗೋಡೆ ಒಂದೇ. ಮಲಿಕಾಬಿಯ ಮಗಳು ಶರೀಫಾಬಿ ಐದು ತಿಂಗಳ ಬಸುರಿ, ತವರಿಗೆ ಬಂದಿದ್ದಳು. “ಬಸುರಿ ಹೆಣ್ಮಗಳು, ತಿನ್ಲಿ” ಎಂದು ಮಲ್ಲಕ್ಕ ದಿನಾ ಒಂದು ತುಂಡು ಚೀಸು ಕೊಟ್ಟು ಬರುತ್ತಿದ್ದಳು.

ತಿಂಗಳೊಪ್ಪತ್ತಿನಲ್ಲಿ ಶರೀಫಾಬಿಗೆ ಜ್ವರ ಹಿಡಿಯಿತು. ಸಂಜೆಗೆ ಏರುವುದು, ಬೆಳಗ್ಗೆ ಬೆವತು ಇಳಿಯುವುದು. ಕೀಲುಗಳೆಲ್ಲ ನೋವು. ಪರೀಕ್ಷೆ ಮಾಡಿಸಿದರೆ ಟೈಫಾಯ್ಡ್ ಇಲ್ಲ, ಡೆಂಗ್ಯೂ ಇಲ್ಲ. ಕಲಘಟಗಿಯ ದವಾಖಾನೆಗೆ ತಾಯಿ ಮಗಳ ಜೊತೆ ಮಲ್ಲಕ್ಕನೂ ಹೋದಳು.

ಡಾಕ್ಟರು ಕೇಳಿದರು: “ಹಸಿ ಹಾಲು ಏನಾದರೂ ಕುಡಿದಿದ್ದೀರಾ? ಮನೆ ಹತ್ತಿರ ದನ ಕಂದು ಹಾಕಿದೆಯಾ?”

“ಇಲ್ರಿ, ಕುದಿಸೇ ಕುಡೀತೀವ್ರಿ. ನಮ್ಮನ್ಯಾಗ ದನಾ ಇಲ್ರಿ” ಎಂದ ಮಲಿಕಾಬಿ ಪಕ್ಕಕ್ಕೆ ತಿರುಗಿದಳು. “ನಮ್ಮ ಓಣ್ಯಾಗ ಯಾರ್ದರ ಆಕಳ ಕಂದು ಹಾಕೇತೇನ, ಮಲ್ಲಕ್ಕ? ನಿನಗ ಗೊತ್ತಿರತೈತಿ.”

ಮಲ್ಲಕ್ಕ ನೆಲ ನೋಡಿದಳು. “ಇಲ್ಲವಾ” ಎಂದಳು.

ಬರುವಾಗ ಬಸ್ಸಿನಲ್ಲಿ ಶರೀಫಾಬಿ ಮಲ್ಲಕ್ಕನ ಹೆಗಲಿಗೇ ತಲೆಯಿಟ್ಟು ಮಲಗಿದಳು. ಜ್ವರದ ಬಿಸಿ ಸೀರೆ ದಾಟಿ ಮೈಗೆ ತಾಗುತ್ತಿತ್ತು. ಎಬ್ಬಿಸಿ ನಿಜ ಹೇಳಲು ಮಲ್ಲಕ್ಕನಿಗೆ ಮುಖವಿರಲಿಲ್ಲ.

ಮೂರನೆಯ ದಿನ ಪಶುಸಖಿ ಮಂಜುಳಾ ಬಂದಳು. ಊರಿನ ದನಗಳಿಗೆ ಲಸಿಕೆ, ಔಷಧ ನೋಡಿಕೊಳ್ಳುವವಳು ಅವಳೇ. ಕೆಂದಾಕಳನ್ನು ನೋಡಿ ಕೇಳಿದಳು: “ಕಾಕಾ, ಇದು ಗಬ್ಬ ಇತ್ತಲ್ಲ? ಕರು ಎಲ್ಲೈತ್ರಿ?”

“ಮಾರಿದ್ವಿ” ಎಂದ ತಿರಕಪ್ಪ.

“ಸುಳ್ಳು ಹೇಳಬ್ಯಾಡ್ರಿ!” ಮಲ್ಲಕ್ಕ ನಡುವೆ ಬಂದಳು. “ಕಂದು ಹಾಕೇತಿ, ಮಂಜುಳಾ. ಆ ಹಾಲು ಕಾಸದೇ ಚೀಸು ಮಾಡೇನಿ. ಶರೀಫಾಬಿಗೆ ನಾನ ತಿನಿಸೇನಿ.”

ಮಂಜುಳಾ ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಹೇಳಿದಳು: “ಇದು ಕಂದು ರೋಗ ಇರಬಹುದು ಅಕ್ಕಾ. ಬ್ರುಸೆಲ್ಲೋಸಿಸ್ ಅಂತಾರ. ದನದಿಂದ ಮನಶಾರಿಗೂ ಬರತೈತಿ. ಹಸಿ ಹಾಲಿನಾಗ ಇರತೈತಿ, ಮಾಸಿನಾಗ ಇರತೈತಿ. ಹಾಲು ಸರಿಯಾಗಿ ಕಾಸಿದ್ರ ಸಾಯತೈತಿ.”

“ಹಂಗಿದ್ರ ಮಾಸು ಎಳದ ನನಗ ಮೊದಲ ಬರಬೇಕಾಗಿತ್ತಲ್ಲ?” ಎಂದ ತಿರಕಪ್ಪ.

“ನಿಮ್ಮ ನಡಾ ನೋವು ಯಾವಾಗಿಂದ ಐತ್ರಿ, ಕಾಕಾ? ಸಂಜಿಕ ಥಂಡಿ ಬರತೈತಿ ಅಂತಿದ್ರಲ್ಲ?”

ತಿರಕಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ. ಹೊಲದ ಕೆಲಸಕ್ಕೆ ಬಂದ ನೋವು ಎಂದುಕೊಂಡಿದ್ದ ಅವನು.

“ಮೊದಲ ಶರೀಫಾಬಿಯ ಡಾಕ್ಟರಿಗೆ ಹೇಳ್ರಿ. ಇವತ್ತ ಹೇಳ್ರಿ. ಗೊತ್ತಾದ್ರ ಔಷಧ ಐತಿ.”

ಮಲ್ಲಕ್ಕ ಆ ಹತ್ತು ಹೆಜ್ಜೆ ಹೇಗೆ ನಡೆದಳೋ ಅವಳಿಗೇ ಗೊತ್ತಿಲ್ಲ. ಮಲಿಕಾಬಿಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ಮಲಿಕಾಬಿ ಕಿರುಚಲಿಲ್ಲ, ಶಾಪ ಹಾಕಲಿಲ್ಲ.

“ಅವತ್ತ ನನ್ನ ಬಾಜುಕ ಕುಂತಿದ್ದಿ. ನಾ ನಿನ್ನ ಕೇಳಿದ್ನಿ” ಎಂದಳು, ಅಷ್ಟೇ.

ಅವತ್ತೇ ತಿರಕಪ್ಪನೂ ಸೇರಿ ಎಲ್ಲರೂ ಕಲಘಟಗಿಯ ದವಾಖಾನೆಗೆ ಹೋದರು, ಡಾಕ್ಟರಿಗೂ ಮಲ್ಲಕ್ಕನೇ ಎಲ್ಲ ಹೇಳಿದಳು.

ರಕ್ತ ಪರೀಕ್ಷೆಯಲ್ಲಿ ಶರೀಫಾಬಿಗೂ ತಿರಕಪ್ಪನಿಗೂ ಅದೇ ರೋಗ ಕಂಡಿತು. ಬಸುರಿಗೆ ಕೊಡಬಹುದಾದ ಔಷಧವನ್ನೇ ಆರಿಸಿ ಶುರು ಮಾಡಿದರು. ಆರು ವಾರ, ಒಂದು ದಿನವೂ ತಪ್ಪಿಸಬಾರದು ಎಂದರು. “ಇನ್ನೂ ತಡವಾಗಿದ್ದರೆ ಮಗು ಉಳಿಯುವುದು ಕಷ್ಟವಿತ್ತು” ಎಂದರು ಡಾಕ್ಟರು. ಆ ಮಾತು ಕೇಳಿದಾಗ ಮಲ್ಲಕ್ಕ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ದನದ ಡಾಕ್ಟರು ಆಕಳುಗಳ ರಕ್ತ ಪರೀಕ್ಷೆ ಮಾಡಿದರು. ರೋಗವಿದ್ದ ಕೆಂದಾಕಳನ್ನು ಬೇರೆ ಕಟ್ಟಿಸಿದರು. ಆರು ತಿಂಗಳ ಹೆಣ್ಣುಗರುವಿಗೆ ಲಸಿಕೆ ಹಾಕಿದರು. ಮಲ್ಲಕ್ಕ ಇದ್ದ ಚೀಸನ್ನೆಲ್ಲ ಹೂಳಿದಳು. ಚೀಸು ಕೊಂಡವರ ಮನೆಗೆ ಒಬ್ಬಳೇ ಹೋಗಿ, “ಜ್ವರ ಬಂದ್ರ ದವಾಖಾನ್ಯಾಗ ಇದನ್ನ ಹೇಳ್ರಿ” ಎಂದು ತಿಳಿಸಿ ಬಂದಳು. ಕೆಲವರು ಬಾಗಿಲಲ್ಲೇ ಬೈದರು. ಬೈಸಿಕೊಂಡಳು.

ಈಗ ಉಳಿದೆರಡು ಆಕಳುಗಳ ಹಾಲಿನಿಂದ ಮತ್ತೆ ಚೀಸು ಮಾಡುತ್ತಾರೆ. ಹಾಲು ಕಾಸುವಾಗ ಥರ್ಮಾಮೀಟರು ಹಿಡಿದು ಕೂರುವವನು ತಿರಕಪ್ಪನೇ. “ಇನ್ನೂ ಹತ್ತು ಮಿನಿಟ್ ಐತಿ, ಇಳಿಸಬ್ಯಾಡ” ಎನ್ನುತ್ತಾನೆ.

ಶರೀಫಾಬಿಗೆ ಹೆಣ್ಣುಮಗು ಹುಟ್ಟಿತು. ಮಲ್ಲಕ್ಕ ನೋಡಲು ಹೋದಾಗ ಶರೀಫಾಬಿ ಕೂಸನ್ನು ಅವಳ ತೊಡೆಯ ಮೇಲಿಟ್ಟಳು. ಮಲಿಕಾಬಿ ಚಹಾ ತಂದುಕೊಟ್ಟಳು. ಆದರೆ ಮೊದಲಿನಂತೆ ಪಕ್ಕದಲ್ಲಿ ಕೂರಲಿಲ್ಲ.

ಈ ಕಥೆಯನ್ನು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದವಳು ಮಲ್ಲಕ್ಕನೇ. ಹೇಳುವಾಗ ಅವಳ ತಲೆ ಮೇಲೇಳಲಿಲ್ಲ.

ಹೈನು ಕಟ್ಟಿಕೊಂಡಿರುವ ಅಕ್ಕ, ಅಣ್ಣಂದಿರೇ, ಹಾಲನ್ನು ಕಾಸದೆ ಕುಡಿಯಬೇಡಿ, ಕಾಸದ ಹಾಲಿನಿಂದ ಏನನ್ನೂ ಮಾಡಿ ಮಾರಬೇಡಿ. ಆಕಳು, ಎಮ್ಮೆ ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟದೆ, ಕೈಗವಸು ಹಾಕಿ, ಆಳದ ಕುಣಿಯಲ್ಲಿ ಸುಣ್ಣ ಸುರಿದು ಹೂಳಿ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುವಿಗೆ ಒಮ್ಮೆ ಲಸಿಕೆ ಹಾಕಿಸಿ. ನಿಮ್ಮ ಕೊಟ್ಟಿಗೆಯಲ್ಲಿ ಹೀಗಾದರೆ ಮುಚ್ಚಿಡಬೇಡಿ. ಯಾರಾದರೂ ಕೇಳುವ ತನಕ ಕಾಯಲೂ ಬೇಡಿ. ನಾಚಿಕೆಯಾದರೆ ಆಗಲಿ, ಅವತ್ತೇ ಹೇಳಿ.