ಬೆಳಗಾವಿಯ ಪಾಠ

ಬೆಳ್ಮಣ್ಣು ಊರಿನ ಆಂಜೆಲಾ ಸೈನ್ಯದಲ್ಲಿ ನರ್ಸ್. ಹುದ್ದೆಯಲ್ಲಿ ಕ್ಯಾಪ್ಟನ್. ಎಪ್ಪತ್ತೊಂದರ ಯುದ್ಧಕ್ಕೆ ಮುಂಚಿನ ಬೇಸಿಗೆಯಲ್ಲಿ ಅವಳನ್ನು ಬೆಳಗಾವಿಯಲ್ಲಿ ಜವಾನರಿಗೆ ಪ್ರಥಮ ಚಿಕಿತ್ಸೆ ಕಲಿಸಲು ನೇಮಿಸಿದ್ದರು. ಡಾಕ್ಟರು ತಲುಪುವ ಮೊದಲು, ಗುಂಡು ತಗಲಿದ ಜಾಗದಲ್ಲೇ, ಪಕ್ಕದಲ್ಲಿದ್ದ ಸೈನಿಕ ಏನು ಮಾಡಬೇಕು ಎಂಬುದೇ ಪಾಠ. ಪುಸ್ತಕ ಓದಿ ಹೇಳಿದರೆ ಹಿಂದಿನ ಸಾಲು ತೂಕಡಿಸುತ್ತಿತ್ತು. ಒಂದು ದಿನ ಅವಳು ಒಬ್ಬ ಜವಾನನ ಪ್ಯಾಂಟಿನೊಳಗೆ ರಬ್ಬರ್ ನಳಿಕೆ ಇಳಿಸಿ, ಕೆಂಪು ನೀರು ತುಂಬಿ, ಸೈಕಲ್ ಪಂಪಿನಿಂದ ಒತ್ತಿದಳು. ನೀರು ಚಿಮ್ಮಿ ಮುಂದೆ ಕೂತವರ ಮುಖಕ್ಕೇ ಬಿತ್ತು. ಎಲ್ಲರೂ ನಕ್ಕರು. ಚಿಮ್ಮುವ ನೀರನ್ನು ನಿಲ್ಲಿಸಲು ಬಂದವರು ಒಬ್ಬೊಬ್ಬರಾಗಿ ಸೋತಾಗ ನಗು ತಾನಾಗಿ ನಿಂತಿತು.

“ರಕ್ತವನ್ನು ನೋಡಬೇಡಿ, ಅದು ಎಲ್ಲಿಂದ ಬರುತ್ತದೆ ನೋಡಿ!” ಎಂದು ಅವಳು ಕೊಂಕಣಿ ಬೆರೆತ ಹಿಂದಿಯಲ್ಲಿ ಕೂಗುತ್ತಿದ್ದಳು.

ಆಮೇಲೆ ಯುದ್ಧ ಬಂತು. ತಂಡ ತಂಡವಾಗಿ ಜವಾನರು ರೈಲು ಹತ್ತಿದರು. ಅವರಲ್ಲಿ ಯಾರು ಮರಳಿದರು, ತಾನು ಕಲಿಸಿದ್ದು ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂಬುದು ಅವಳಿಗೆ ತಿಳಿಯಲೇ ಇಲ್ಲ.

ಎಪ್ಪತ್ತಮೂರರ ಜನವರಿಯಲ್ಲಿ ತಂಗಿ ಸಿಸಿಲಿಯಾಳ ಮದುವೆಗೆಂದು ಆಂಜೆಲಾ ಊರಿಗೆ ಬಂದಿದ್ದಳು. ಬಟ್ಟೆ ತರಲು ಕಾರ್ಕಳದ ಬಸ್ಸು ಹತ್ತಿದ್ದ ಬೆಳಿಗ್ಗೆ, ದಾರಿಯಲ್ಲಿ ಸಿಕ್ಕುವ ಒಂದು ಕಲ್ಲಿನ ಕೋರೆಯ ಹತ್ತಿರ ಜನ ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿದರು. ಬಂಡೆಗೆ ಇಟ್ಟ ಮದ್ದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು, ಶೇಖರನೆಂಬ ಕೆಲಸಗಾರನ ಒಂದು ಕಾಲನ್ನು ಮೊಣಕಾಲಿನಿಂದ ಕೆಳಗೆ ಕಲ್ಲು ಜಜ್ಜಿತ್ತು.

ಆಂಜೆಲಾ ಇಳಿದು ಓಡಿದಳು. ಆದರೆ ಬಸ್ಸಿನ ಹಿಂಬದಿಯಿಂದ ಅವಳಿಗಿಂತ ಮೊದಲೇ ಒಬ್ಬ ಹಾರಿದ್ದ. ಕೂದಲು ಗಿಡ್ಡವಾಗಿ ಕತ್ತರಿಸಿದ್ದ, ಇಪ್ಪತ್ತೈದರ ಆಸುಪಾಸಿನ ಯುವಕ. ಅವಳು ಗುಂಪು ಸೀಳಿ ಒಳಗೆ ಹೋಗುವಷ್ಟರಲ್ಲಿ ಅವನು ಮಂಡಿಯೂರಿ, ಶೇಖರನ ತೊಡೆಸಂದಿಗೆ ಮುಷ್ಟಿ ಒತ್ತಿ ಕೂತಿದ್ದ.

ಅವನು ತಲೆ ಎತ್ತಿ ಅವಳ ಮುಖವನ್ನೊಮ್ಮೆ ನೋಡಿದ. “ಅಕ್ಕಾ, ನೀವು ಹೆದರುವವರಲ್ಲ ಅಲ್ವಾ? ಇಲ್ಲಿ ಒತ್ತಿ ಹಿಡಿಯಿರಿ. ಪೂರಾ ಭಾರ ಹಾಕಿ. ರಕ್ತ ನೋಡ್ಬೇಡಿ, ಅದು ಎಲ್ಲಿಂದ ಬರ್ತದೆ ಅಂತ ನೋಡಿ.”

ಆಂಜೆಲಾಳಿಗೆ ಅದು ತನ್ನದೇ ಬೆಳಗಾವಿಯ ಮಾತೆಂದು ಗೊತ್ತಾಯಿತು. ತಾನು ನರ್ಸ್ ಎಂದು ಹೇಳಹೊರಟದ್ದನ್ನು ಅಲ್ಲಿಗೇ ಬಿಟ್ಟಳು. ಅವಳು ಮಂಡಿಯೂರಿ ಒತ್ತಿ ಹಿಡಿದಳು.

ಅವನು ಹೆಗಲ ಮೇಲಿನ ಬೈರಾಸು ಟವೆಲನ್ನು ತೊಡೆಗೆ ಸುತ್ತಿ ಗಂಟು ಹಾಕಿದ. ಅದರೊಳಗೆ ಒಂದು ಉಳಿ ತೂರಿಸಿ, ಚಿಮ್ಮುತ್ತಿದ್ದ ರಕ್ತ ಹನಿಯಾಗಿ, ಹನಿಯೂ ನಿಲ್ಲುವ ತನಕ ತಿರುಗಿಸಿದ. ಕಲ್ಲಿಗೆ ಗುರುತು ಹಾಕುವ ಇದ್ದಿಲಿನಿಂದ ಗಾಯಾಳುವಿನ ಹಣೆಯ ಮೇಲೆ, ಡಾಕ್ಟರಿಗೆ ತಿಳಿಯಲೆಂದು, ಕಟ್ಟು ಬಿಗಿದ ಸಮಯವನ್ನು ಬರೆದ. ಯಾರೋ ನೀರು ತಂದರೆ, “ಈಗ ಕುಡಿಸ್ಬೇಡ ಮಾರಾಯ, ಆಪರೇಶನ್ ಉಂಟು” ಎಂದು ತುಟಿಯನ್ನಷ್ಟೇ ಒದ್ದೆ ಮಾಡಿದ. ಅವನ ದನಿ ಒಮ್ಮೆಯೂ ಏರಲಿಲ್ಲ. ಕಿರುಚುತ್ತಿದ್ದ ಜನ ಅವನನ್ನು ನೋಡುತ್ತ ನೋಡುತ್ತ ಸುಮ್ಮನಾದರು.

ಕಲ್ಲಿನ ಲಾರಿಯಲ್ಲೇ ಮಣಿಪಾಲದ ಆಸ್ಪತ್ರೆಗೆ ಹೊರಟರು. ದಾರಿಯುದ್ದಕ್ಕೂ ಅವನು ಶೇಖರನನ್ನು ಮಾತನಾಡಿಸುತ್ತಲೇ ಇದ್ದ. “ಕಣ್ಣು ಮುಚ್ಬೇಡ. ಮಗಳ ಹೆಸರು ಎಂತ?”

“ಬೇಬಿ...”

“ಶಾಲೆಗೆ ಹೋಗ್ತಾಳಾ?”

ಆಂಜೆಲಾ ನೋಡುತ್ತಲೇ ಇದ್ದಳು. ವರ್ಷಗಟ್ಟಲೆ ವಾರ್ಡುಗಳಲ್ಲಿ ದುಡಿದವಳಿಗೂ ಇಂಥ ಕೈಗಳನ್ನು ಕಂಡ ನೆನಪಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹಣೆಯ ಬರಹ ಓದಿ, ಏನೂ ಕೇಳದೆ ಶೇಖರನನ್ನು ಒಳಗೆ ಕೊಂಡೊಯ್ದರು. ಜಗಲಿಯಲ್ಲಿ ಕೈ ತೊಳೆದು ಕೂತಾಗ ಆಂಜೆಲಾ ಕೇಳಿದಳು, “ಇದನ್ನೆಲ್ಲ ಎಲ್ಲಿ ಕಲಿತದ್ದು?”

“ಮಿಲಿಟರಿಯಲ್ಲಿ ಅಕ್ಕಾ. ನಾನು ದೇಜಪ್ಪ, ಇನ್ನಂಜೆಯವ, ರಜೆಯಲ್ಲಿ ಬಂದದ್ದು. ಬೆಳಗಾವಿಯಲ್ಲಿ ಒಬ್ಬರು ಮೇಡಂ ಇದ್ರು, ಸೈಕಲ್ ಪಂಪ್ ಇಟ್ಕೊಂಡು ಕಲಿಸಿದ್ರು. ಆಗ ನಾವೆಲ್ಲ ನಗಾಡಿದ್ದು.” ಅವನು ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡ. “ಯುದ್ಧದಲ್ಲಿ ನಮಗೆ ಮದ್ದು ಮಾಡುವ ಹವಾಲ್ದಾರನಿಗೇ ಮೊದಲು ಗುಂಡು ಬಿತ್ತು. ಮತ್ತೆ ಯಾರನ್ನು ಕರೆಯುವುದು? ನಾವೇ ಕಟ್ಟಿದೆವು, ಒಬ್ಬರಿಗೊಬ್ಬರು. ಆ ಹವಾಲ್ದಾರನೂ ಬದುಕಿದ. ಕಾಲು ಹೋದವರು ಇದ್ದಾರೆ, ಆದ್ರೆ ರಕ್ತ ಹೋಗಿ ಸತ್ತವರು ನಮ್ಮ ತುಕಡಿಯಲ್ಲಿ ಒಬ್ಬನೂ ಇಲ್ಲ. ಈಗ ಹೊಸಬರಿಗೆ ನಾನೇ ಕಲಿಸುವುದು. ಅವರು ಇನ್ನೊಬ್ಬರಿಗೆ ಕಲಿಸ್ತಾರೆ.”

ಹೆಸರೂ ಗೊತ್ತಿಲ್ಲದ ಯಾವುದೋ ನದಿಯ ದಂಡೆಯಲ್ಲಿ, ತಾನು ಮುಖ ಮರೆತ ಜವಾನರು ಒಬ್ಬರ ಗಾಯದ ಮೇಲೊಬ್ಬರು ಕೈಯಿಟ್ಟು ಬಾಗಿದ್ದು ಆಂಜೆಲಾಳ ಕಣ್ಣಿಗೆ ಕಟ್ಟಿತು.

“ದೇಜಪ್ಪ, ಪಂಪ್ ಒತ್ತಿದವಳು ನಾನೇ,” ಎಂದಳು.

ಅವನು ಅವಳ ಸೀರೆಯನ್ನು, ಹೆರಳನ್ನು, ಮತ್ತೆ ಮುಖವನ್ನು ನೋಡಿದ. ಗಡಬಡಿಸಿ ಎದ್ದು ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. “ಮೇಡಂ! ನಾನು ನಿಮಗೇ... ಎಂತಾದ್ರೂ ತಪ್ಪು ಮಾಡಿದೆನಾ?”

ಅವಳು ಪ್ರಾಮಾಣಿಕವಾಗಿ ಮೊದಲಿನಿಂದ ನೆನೆದು ನೋಡಿದಳು. “ಇಲ್ಲ. ಎಲ್ಲಿಯೂ ಇಲ್ಲ.”

ಅಷ್ಟರಲ್ಲಿ ಡಾಕ್ಟರು ಹೊರಬಂದರು. ಮೊಣಕಾಲಿನ ಕೆಳಗಿನದು ಉಳಿಯಲಿಲ್ಲ, ಜೀವಕ್ಕೆ ಭಯವಿಲ್ಲ ಎಂದರು.

ಮಧ್ಯಾಹ್ನದ ಬಸ್ಸಿಗೆ ಶೇಖರನ ಹೆಂಡತಿ ವಾರಿಜಾ ಮಗಳನ್ನು ಎತ್ತಿಕೊಂಡು ಓಡುತ್ತ ಬಂದಳು. ದೇಜಪ್ಪ ಎದುರು ಹೋಗಿ ತುಳುವಿನಲ್ಲಿ ಮೊದಲು ಬದುಕಿದ್ದಾನೆಂದು ಹೇಳಿದ, ಕಾಲಿನ ವಿಷಯ ಆಮೇಲೆ. ವಾರಿಜಾ ಮೆಟ್ಟಿಲ ಮೇಲೆಯೇ ಕುಸಿದು ಅತ್ತಳು. ಮಗು ಕೈಚಾಚಿ ದೇಜಪ್ಪನ ಹೆಗಲಿಗೆ ಹೋಯಿತು. ಆಂಜೆಲಾ ವಾರಿಜಾಳ ತೋಳು ಹಿಡಿದು ಮೆಲ್ಲಗೆ ಮೇಲೆಬ್ಬಿಸಿದಳು.