ಕುಬಸದ ಬುತ್ತಿ, ಕಾರಿನ ಆಯಿಲ್

ಉಗಾರ ಬುದ್ರುಕದ ಶಿವಗಂಗವ್ವನಿಗೆ ಲೈಸೆನ್ಸು ಬಂದಿತ್ತು, ಕಾರಿನ ಚಾವಿ ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ.

ಐವತ್ತು ದಾಟಿದ ಹೆಂಗಸು. ನಾಲ್ಕು ಮನೆ ಆಚೆಯ ಜಿನಮತಿ ಕಾಗವಾಡದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಅವಳ ಹತ್ತಿರ ಕಲಿತು, ಚಿಕ್ಕೋಡಿಗೆ ಹೋಗಿ, ಆರ್‌ಟಿಒ ಸಾಹೇಬರ ಎದುರು ಸೆರಗು ಸಿಕ್ಕಿಸಿಕೊಂಡು ಗಾಡಿ ನಡೆಸಿ ತೋರಿಸಿ ಪಾಸಾಗಿ ಬಂದಿದ್ದಳು. ಓಣಿಗೆಲ್ಲ ಪೇಢೆ ಹಂಚಿದ್ದೂ ಆಗಿತ್ತು. ಗಂಡ ಲಗಮಣ್ಣ ಎರಡು ಪೇಢೆ ಹೆಚ್ಚೇ ತಿಂದ. ಆದರೆ ಚಾವಿಯನ್ನು ಒಳಕಿಸೆಯಿಂದ ಹೊರಗೆ ತೆಗೆಯಲಿಲ್ಲ.

"ಕೊಡೂಣಂತ. ಗಾಡಿ ಎಲ್ಲಿ ಓಡಿ ಹೋಗ್ತೈತಿ?" ಎನ್ನುತ್ತಿದ್ದ.

ಶಿವಗಂಗವ್ವನಿಗೆ ಇದ್ದದ್ದು ಒಂದೇ ಆಸೆ. ಅಥಣಿಗೆ ಕೊಟ್ಟ ಮಗಳು ಸ್ನೇಹಲಳಿಗೆ ಏಳು ತಿಂಗಳು ತುಂಬಿತ್ತು. ಬರುವ ರವಿವಾರ ಕುಬಸ, ಅಂದರೆ ಸೀಮಂತ. ತವರಿನ ಬುತ್ತಿಯನ್ನು ಕಾರಿನಲ್ಲಿಟ್ಟುಕೊಂಡು, ತಾನೇ ನಡೆಸಿಕೊಂಡು ಹೋಗಿ, ಮಗಳ ಬಾಗಿಲ ಮುಂದೆ ಹಾರ್ನ್ ಹೊಡೆಯಬೇಕು. ಈ ಆಸೆಯನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವಾಗಲೂ ಅವಳ ಬಲಗಾಲು ಮಾತ್ರ ತನ್ನಷ್ಟಕ್ಕೆ ಬ್ರೇಕ್ ಒತ್ತುತ್ತಿತ್ತು.

ಗುರುವಾರ ಸಂಜೆಗೆ ಸ್ವಲ್ಪ ಮುಂಚೆ, ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದು ಮರೆಯಬಾರದೆಂದು, ಅವಳು ಅಂಗಳದಲ್ಲಿ ನಿಂತಿದ್ದ ಕಾರಿನ ಬಾನೆಟ್ ಎತ್ತಿದಳು. ಇಂಜಿನ್ ಬಂದ್ ಆಗಿ ಬಹಳ ಹೊತ್ತಾಗಿತ್ತು. ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಹಳೆಯ ಅರಿವೆಯಿಂದ ಒರೆಸಿ, ಮತ್ತೆ ಅದ್ದಿ ತೆಗೆದಳು. ಆಯಿಲ್ ಕೆಳಗಿನ ಗುರುತನ್ನೂ ಮುಟ್ಟಿರಲಿಲ್ಲ. ಇದ್ದಷ್ಟೂ ಬೆಲ್ಲದ ಕಾಕವಿಯ ಹಾಗೆ ಮಂದವಾಗಿ ಅಂಟಿಕೊಂಡಿತ್ತು.

"ರೀ, ಬರ್ರಿಲ್ಲೆ. ಆಯಿಲ್ ತಳಾ ಹಿಡದೈತಿ. ಬದಲಿ ಮಾಡಸ್ರಿ."

ಲಗಮಣ್ಣ ಕಟ್ಟೆಯ ಮೇಲಿಂದಲೇ ನಕ್ಕ. "ಕಾರಿಗೆ ಹತ್ತ ಸಾವಿರ ಕಿಲೋಮೀಟರಿಗೆ ಬದಲಿ ಮಾಡೂದು. ನಮ್ಮದು ಅದರ ಅರ್ಧಾನೂ ಓಡಿಲ್ಲ. ಮೀಟರ ನೋಡ ಬೇಕಾದ್ರ."

"ಹಿಂದ ಯಾವಾಗ ಹಾಕಿಸಿದ್ರಿ?"

"ಹೋದ ದಸರಾದ ಖಂಡೇಪೂಜಿಗೆ… ಅಲ್ಲಲ್ಲ, ಅದರ ಹಿಂದಿನ ಖಂಡೇಪೂಜಿಗೆ. ಇರಲಿ ಬಿಡ. ಎಷ್ಟ ಓಡೇತಿ ಅನ್ನೂದು ಮುಖ್ಯ."

ಅಷ್ಟರಲ್ಲಿ ಲಗಮಣ್ಣನ ತಮ್ಮ ಅಣ್ಣಾಸಾಬ ಬಂದ. ಅವನದು ಇನ್ನೊಂದು ತರ. ಮಿರಜಿಗೆ ದ್ರಾಕ್ಷಿ ವ್ಯಾಪಾರಕ್ಕೆ ದಿನಾ ಹೋಗಿಬರುವವನು, ಕಾರನ್ನು ಮದುಮಗನಂತೆ ಇಟ್ಟುಕೊಂಡವನು. ಕಡ್ಡಿಯನ್ನು ನೋಡಿದ್ದೇ ಮುಖ ಕಿವುಚಿದ.

"ವೈನಿ ಹೇಳೂದು ಖರೆ ಐತಿ, ಅಣ್ಣಾ. ನಾ ನೋಡ, ಕರ್ರಗ ಕಂಡ್ರ ಸಾಕು, ಬದಲಿ. ಎರಡ ತಿಂಗಳ ದಾಟಾಕ ಬಿಡಂಗಿಲ್ಲ."

"ನಿನ್ನ ಗಾಡಿಗೆ ಆಯಿಲ್ ಹಾಕಸಂಗಿಲ್ಲಲೇ ನೀ, ಎಣ್ಣಿಸ್ನಾನಾ ಮಾಡಸ್ತಿ!"

ಅಣ್ಣ ತಮ್ಮ ಇಬ್ಬರೂ ಜೋರಾಗಿ ನಕ್ಕರು. ನಗುತ್ತಲೇ ಲಗಮಣ್ಣ ಟ್ರ್ಯಾಕ್ಟರಿಗೆಂದು ತಂದು ಉಳಿದಿದ್ದ ಆಯಿಲಿನ ಕ್ಯಾನ್ ಹೊತ್ತು ತಂದ. "ಕಡಿಮಿ ಆಗೇತಲ್ಲೋ? ಇದನ್ನ ಸುರುವಿದ್ರ ಆತು" ಎಂದು ಮುಚ್ಚಳ ತಿರುಗಿಸತೊಡಗಿದ.

ಕ್ಲಾಸು ಮುಗಿಸಿ ಮನೆಗೆ ಹೊರಟಿದ್ದ ಜಿನಮತಿ ಅದನ್ನು ಬೀದಿಯಿಂದಲೇ ಕಂಡಳು. ಸ್ಕೂಟಿಯನ್ನು ಸ್ಟ್ಯಾಂಡಿಗೂ ಹಾಕದೆ ಕೂಗಿದಳು.

"ಕಾಕಾ, ತಡೀರಿ! ಸುರುವಬ್ಯಾಡ್ರಿ!"

"ಬಾ ಬೇ ಜಿನಮತೀ. ಕಲಿಸೋದು ಕಲಿಸಿ ನಮ್ಮ ಮನ್ಯಾಗ ಜಗಳಾ ಹಚ್ಚೀದಿ ನೋಡ."

"ಜಗಳಾ ಹರೀತೀನಿ, ಆದ್ರ ಜಲ್ದಿ. ನಾವು ಜೈನರು, ಹೊತ್ತ ಮುಳಗೂದ್ರಾಗ ನಂದು ಊಟ ಆಗಬೇಕು." ಜಿನಮತಿ ಕ್ಯಾನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಇದು ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನಿಗೆ ಮಾಡಿದ್ದು. ನಿಮ್ಮ ಕಾರು ಪೆಟ್ರೋಲಿಂದು, ಅದಕ್ಕ ಬ್ಯಾರೆ ನಂಬರಿನ ಆಯಿಲ್ ಬೇಕು. ಶಿವಗಂಗವ್ವ ಕಾಕು ಜ್ವಾಳದ ಹಿಟ್ಟಿಲೆ ಹೋಳಿಗಿ ಮಾಡಿದ್ರ ನೀವು ತಿಂತೀರೇನು?"

ಶಿವಗಂಗವ್ವ ಸೆರಗು ಬಾಯಿಗೆ ಹಿಡಿದಳು. ಲಗಮಣ್ಣ ಮುಚ್ಚಳ ಬಿಗಿಮಾಡಿದ.

"ಅದಿರಲಿ. ಹತ್ತ ಸಾವಿರ ಆಗದ ನಾ ಬದಲಿ ಮಾಡಸಂಗಿಲ್ಲ. ಲೆಕ್ಕಂದ್ರ ಲೆಕ್ಕ."

"ಆತ್ರಿ. ಟ್ರ್ಯಾಕ್ಟರಿಗೆ ಯಾವ ಲೆಕ್ಕಾ ಹಿಡೀತೀರಿ?"

ಲಗಮಣ್ಣನ ಎದೆ ಉಬ್ಬಿತು. ಟ್ರ್ಯಾಕ್ಟರಿನ ವಿಷಯದಲ್ಲಿ ಊರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ತಾಸಿನ ಲೆಕ್ಕ! ತಾಸಿನ ಮೀಟರ ನೋಡಿ ಬದಲಿ ಮಾಡ್ತೀನಿ. ಹೆಚ್ಚಿಗಿ ಒಂದ ತಾಸ ಹೋಗಾಕ ಬಿಡಂಗಿಲ್ಲ."

"ಕಿಲೋಮೀಟರ ಯಾಕ ನೋಡಂಗಿಲ್ರಿ?"

"ಏ ಹುಚ್ಚಿ! ಟ್ರ್ಯಾಕ್ಟರ ನಿಂತಲ್ಲೇ ದುಡೀತೈತಿ. ಗಾಲಿ ಉರುಳಲಿ ಬಿಡಲಿ, ಒಳಗ ಇಂಜಿನ್ ತಿರಗೂದು ತಿರಗೂದ. ಅದರ ದುಡಿತ ಕಿಲೋಮೀಟರಿನ್ಯಾಗ ಹೆಂಗ ಕಾಣತೈತಿ?"

"ಹೌದಲ್ರಿ" ಎಂದು ಜಿನಮತಿ ಸುಮ್ಮನೆ ಕಾರಿನ ಕಡೆ ನೋಡಿದಳು.

ಶಿವಗಂಗವ್ವನಿಗೆ ಥಟ್ಟನೆ ಹೊಳೆಯಿತು. ನಗು ತಡೆಯಲಾಗಲಿಲ್ಲ. "ರೀ, ಕಬ್ಬ ಕಡಿಯೋ ಗ್ಯಾಂಗ್ ನಮ್ಮ ಹೊಲದಾಗ ಇದ್ದಾಗ, ದಿನಾ ನೀವು ಎಲ್ಲಿ ಕುಂಡ್ರತಿದ್ರಿ?"

ಲಗಮಣ್ಣ ಮೀಸೆ ತಿರುವಿಕೊಂಡ. ಎಲ್ಲಿ ಕೂರುತ್ತಿದ್ದ ಎನ್ನುವುದು ಓಣಿಗೇ ಗೊತ್ತಿತ್ತು. ಬದುವಿನ ಮೇಲೆ ಕಾರು ನಿಲ್ಲಿಸಿ, ಗಾಜು ಏರಿಸಿ, ಎಸಿ ಹಚ್ಚಿ, ಹಳೆಯ ಮರಾಠಿ ಹಾಡು ಹಾಕಿಕೊಂಡು ಆರಾಮಾಗಿ ನಿದ್ದೆ ಹೊಡೆಯುತ್ತಿದ್ದ. ಇಂಜಿನ್ ಚಾಲೂ ಇರುತ್ತಿತ್ತು. ಸಕ್ಕರೆ ಫ್ಯಾಕ್ಟರಿ ಗೇಟಿನ ಮುಂದೆಯೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಕರಗುವವರೆಗೂ ಅದೇ ಕಥೆ.

"ಅಣ್ಣಾ," ಅಣ್ಣಾಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ, "ನೀ ಮಲಗಿದ್ರೂ ನಿನ್ನ ಗಾಡಿ ದುಡದೈತಿ!"

"ಅಷ್ಟ ಅಲ್ರಿ" ಎಂದಳು ಜಿನಮತಿ. "ಮನಿಂದ ಹೊಲಕ್ಕ, ಹೊಲದಿಂದ ಮನಿಗೆ. ಇಂಜಿನ್ ಪೂರ್ತಿ ಬಿಸಿ ಆಗೂದ್ರಾಗ ಬಂದ್ ಮಾಡ್ತೀರಿ. ಒಳಗ ಹಿಡಿದ ಪಸೀ ಆರಂಗಿಲ್ಲ, ಆಯಿಲ್ ಕೆಡತೈತಿ. ಮ್ಯಾಲ ನಮ್ಮ ಕಬ್ಬಿನ ದಾರಿ ಧೂಳ. ಕಾರಿನ ಜೋಡಿ ಕೊಟ್ಟ ಪುಸ್ತಕದಾಗ ಹತ್ತ ಸಾವಿರ ಅಂತ ಅಷ್ಟ ಇರಂಗಿಲ್ರಿ. ಇಷ್ಟ ಕಿಲೋಮೀಟರ, ಇಲ್ಲಾ ಇಷ್ಟ ತಿಂಗಳ, ಯಾವುದು ಮೊದಲ ಬರತೈತೋ ಅದು. ನಿಮ್ಮಂಗ ಧೂಳಿನ್ಯಾಗ, ನಿಂತಲ್ಲೇ, ಸನೇಕ ಸನೇಕ, ಹತ್ತರದ ದಾರಿಗಷ್ಟ ಓಡಸೋರಿಗೆ ಅದಕ್ಕಿಂತ ಜಲ್ದಿ. ಭಾಳ ಗಾಡಿಗೆ ಅದರ ಅರ್ಧಕ್ಕ."

"ನೋಡ, ನನ್ನ ಮಾತ ಗೆದ್ದೈತಿ" ಎಂದ ಅಣ್ಣಾಸಾಬ.

"ನಿಮ್ಮದೂ ಗೆದ್ದಿಲ್ರಿ ಅಣ್ಣಾಸಾಬ ಕಾಕಾ. ನೀವು ಉದ್ದ ರಸ್ತೆದಾಗ ಒಂದ ಸಮ ಓಡಸೋರು. ಪುಸ್ತಕದಾಗ ಇದ್ದಷ್ಟ ಮಾಡಿದ್ರ ನಿಮಗ ಸಾಕು. ಆಯಿಲ್ ಕರ್ರಗ ಆತಂದ್ರ ಅದು ಇಂಜಿನ್ನಿನ ಹೊಲಸ ತೊಳಿಯಾಕತ್ತೈತಿ ಅಂತ. ಬರೇ ಬಣ್ಣಾ ನೋಡಿ ಬದಲಿ ಮಾಡ್ತೀರಿ, ಗ್ಯಾರೇಜಿನವರು ನಿಮಗ ಒಂದ ಹಾರಾ ಹಾಕಬೇಕು."

ಅಣ್ಣಾಸಾಬನ ನಗು ಅಲ್ಲಿಗೆ ನಿಂತಿತು. ಈಗ ನಗುವ ಪಾಳಿ ಲಗಮಣ್ಣನದಾಯಿತು. ಆದರೂ ಹಟ ಪೂರ್ತಿ ಹೋಗಲಿಲ್ಲ.

"ಆತು. ಕುಬಸ ಮುಗೀಲಿ. ಸೋಮವಾರ ಮಾಡಸೂಣು."

ಶಿವಗಂಗವ್ವ ಕಡ್ಡಿಯನ್ನು ಒರೆಸಿ, ಅದರ ಜಾಗದಲ್ಲಿ ಇಟ್ಟು, ಬಾನೆಟ್ ಇಳಿಸಿದಳು.

"ಹಾದ್ಯಾಗ ಇಂಜಿನ್ ಬಿಗದ ನಿಂತ್ರ? ಸ್ನೇಹಲ ಹಸರ ಸೀರಿ ಉಟ್ಟ, ಹಸರ ಬಳಿ ಇಟ್ಟ, ಮಣಿ ಮ್ಯಾಲ ಕುಂತಿರತಾಳ. ತವರವರು ಬರಲಿಲ್ಲ ಅಂತ ಬಾಗಲ ಕಡೆ ನೋಡಕೋಂತ ಕುಂಡ್ರಬೇಕನ ನನ್ನ ಕೂಸು?"

ದನಿ ಎತ್ತಿರಲಿಲ್ಲ. ಆದರೆ ಲಗಮಣ್ಣ ಟ್ರ್ಯಾಕ್ಟರಿನ ಆಯಿಲ್ ಕ್ಯಾನನ್ನು ಎತ್ತಿ ಒಳಗಿಟ್ಟು ಬಂದ. ಜಿನಮತಿ ಇಳಿಯುತ್ತಿದ್ದ ಹೊತ್ತನ್ನು ನೋಡಿ "ಅಯ್ಯ, ನನ್ನ ಊಟ!" ಎಂದು ಓಡಿದಳು.

ಮರುದಿನ ಮುಂಜಾನೆ ಅಂಗಳದಲ್ಲಿ ಕಾರು ಇರಲಿಲ್ಲ. ಮತ್ತೆ ಹೊಲದ ಬದುವಿಗೆ ಹೋಯಿತೇನೋ ಎಂದುಕೊಂಡಳು ಶಿವಗಂಗವ್ವ. ಹೂರಣ ರುಬ್ಬುವ ಕೈ ನಿಧಾನವಾಯಿತು. ಮಧ್ಯಾಹ್ನದ ಹೊತ್ತಿಗೆ ಹಾರ್ನ್ ಕೇಳಿ ಹೊರಗೆ ಬಂದರೆ, ಲಗಮಣ್ಣ ಬಾನೆಟ್ ಎತ್ತಿ ನಿಂತಿದ್ದ.

"ಬಾ, ನೋಡ. ಆಯಿಲ್ ಹೊಸಾದು, ಫಿಲ್ಟರೂ ಹೊಸಾದು. ಸೋರಾಕತ್ತೈತೇನು ಅಂತ ಅದನ್ನೂ ನೋಡಿಸೀನಿ. ಎಲ್ಲೂ ಇಲ್ಲ. ಹಳೇ ಆಯಿಲ್ ತಂದು ಬದುವಿನ ಕಸಾ ಸಾಯಲಿ ಅಂತ ಅದಕ್ಕ ಸುರುವಬೇಕಂತ ಮಾಡಿದ್ದೆ. ಜಿನಮತಿ ಮೊದಲ ಫೋನ್ ಮಾಡಿ ಹೇಳ್ಯಾಳ, ಸುರುವಬ್ಯಾಡ್ರಿ ಅಂತ. ಮಣ್ಣೂ ಕೆಡತೈತಿ, ಹರದ ಹೋಗಿ ಹೊಳಿ ನೀರೂ ಕೆಡತೈತಿ ಅಂತ. ಗ್ಯಾರೇಜಿನ್ಯಾಗ ಬಿಟ್ಟ ಬಂದೆ."

ಬಾನೆಟ್ಟಿನ ಒಳಮೈಗೆ, ಟ್ರ್ಯಾಲಿಯ ಹಿಂದೆ ಹೆಸರು ಬರೆಸಿದ ಹಾಗೆ ಬಿಳಿ ಪೇಂಟಿನಲ್ಲಿ, ತಾರೀಖು, ಕಿಲೋಮೀಟರು ಎರಡನ್ನೂ ದಪ್ಪಗೆ ಬರೆಸಿದ್ದ. ಶಿವಗಂಗವ್ವ ಕಡ್ಡಿ ಎಳೆದು ನೋಡಿದಳು. ಎರಡು ಗುರುತುಗಳ ನಡುವೆ ಆಯಿಲ್ ಜೇನಿನಂತೆ ಹೊಳೆಯಿತು.

ಲಗಮಣ್ಣ ಒಳಕಿಸೆಗೆ ಕೈ ಹಾಕಿದ. "ತಗೋ."

ಚಾವಿ ಇನ್ನೂ ಬೆಚ್ಚಗಿತ್ತು.

"ಮತ್ತ ನೀವು?"

"ನಾ ಹಿಂದ ಕುಂಡ್ರತೀನಿ. ಬುತ್ತಿ ಹಿಡಕೊಳ್ಳಾಕ ಒಬ್ರು ಬೇಕಲ್ಲ!"

ರವಿವಾರ ಶಿವಗಂಗವ್ವ ಸೀಟ್ ಬೆಲ್ಟ್ ಹಾಕಿಕೊಂಡು, ದೇವರಿಗೆ ಕೈ ಮುಗಿದು, ಅಥಣಿಯ ದಾರಿ ಹಿಡಿದಳು. ಕಬ್ಬಿನ ಟ್ರ್ಯಾಕ್ಟರು ಎದುರು ಬಂದಾಗಲೆಲ್ಲ ಹಿಂದಿನ ಸೀಟಿನಿಂದ "ಸಾವಕಾಶ, ಸಾವಕಾಶ" ಎಂಬ ದನಿ ಬರುತ್ತಿತ್ತು. "ನೀವು ಹೋಳಿಗಿ ಕಡೆ ಲಕ್ಷ್ಯ ಕೊಡ್ರಿ" ಎಂದು ಅವಳು ಕನ್ನಡಿಯಲ್ಲೇ ಗದರುತ್ತಿದ್ದಳು. ಮಗಳ ಬಾಗಿಲ ಮುಂದೆ ಅಂದುಕೊಂಡ ಹಾಗೆಯೇ ಹಾರ್ನ್ ಹೊಡೆದಳು, ಬೇಕಾದ್ದಕ್ಕಿಂತ ತುಸು ಉದ್ದವಾಗಿ.

ಸ್ನೇಹಲ ಹೊಸ್ತಿಲಿಗೆ ಬಂದು ಕಣ್ಣರಳಿಸಿದಳು. "ಯವ್ವಾ! ನೀನ ಹೊಡಕೊಂಡ ಬಂದ್ಯಾ?" ಎಂದು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಒಳಗಿನ ಕೂಸು ಒದೆಯಿತಂತೆ. ಹಾರ್ನ್ ಕೇಳಿತೇನೋ.

ಅಂಗಿಗೆಲ್ಲ ತುಪ್ಪ ಮೆತ್ತಿಕೊಂಡು ಹಿಂದಿನಿಂದ ಇಳಿದ ಲಗಮಣ್ಣ, ನೀರು ಕೊಡಲು ಬಂದ ಬೀಗರ ಕೈ ಹಿಡಿದು ಕೇಳಿದ ಮೊದಲ ಮಾತು ಇದು: "ಬೀಗರ, ಕಾರಿನ ಆಯಿಲ್ ಯಾವಾಗ ಬದಲಿ ಮಾಡಿಸೀರಿ? ಬರೇ ಕಿಲೋಮೀಟರ ನೋಡಬ್ಯಾಡ್ರಿ ಮತ್ತ!"

ಅಕ್ಕ, ಅಣ್ಣ, ಇದನ್ನು ಓದಿ ಮುಗಿಸಿದ ಮೇಲೆ ನಿಮ್ಮ ಅಂಗಳದ ಗಾಡಿಯ ಬಾನೆಟ್ಟನ್ನೂ ಒಮ್ಮೆ ಎತ್ತಿ. ಸಪಾಟು ನೆಲದಲ್ಲಿ, ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿಯನ್ನು ಒರೆಸಿ ಅದ್ದಿ ನೋಡಿ. ಹಿಂದೆ ಬದಲಿಸಿದ್ದು ಯಾವಾಗ ಎಂದು ನೆನಪಾಗದಿದ್ದರೆ ಈಗಲೇ ಬದಲಿಸಬೇಕು ಎಂಬುದೇ ಉತ್ತರ ಎಂದುಕೊಳ್ಳಿ. ನಿಮ್ಮ ಗಾಡಿಯ ಪುಸ್ತಕ ಹೇಳುವ ಕಿಲೋಮೀಟರು, ತಿಂಗಳು ಎರಡನ್ನೂ ನೋಡಿ, ಮೊದಲು ಬಂದದ್ದನ್ನು ಹಿಡಿಯಿರಿ. ಧೂಳಿನ ದಾರಿ, ಸಣ್ಣ ಓಡಾಟ, ನಿಂತಲ್ಲೇ ಚಾಲೂ ಇಡುವ ರೂಢಿ ನಿಮ್ಮದಾಗಿದ್ದರೆ ಇನ್ನೂ ಬೇಗ ಮಾಡಿಸಿ. ಹೆದರಿಕೊಂಡು ಪದೇ ಪದೇ ಮಾತ್ರ ಬೇಡ. ಓಡುವಾಗ ಆಯಿಲಿನ ಕೆಂಪು ದೀಪ ಹತ್ತಿದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. ನಿಮ್ಮ ದಾರಿಯನ್ನೂ ಯಾರೋ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾರೆ.